ಜನ ತಾವಾಗಿಯೇ ಬಂದರಂತೆ!

ಹೊಸ ಉದ್ಯಮಗಳ ಕುರಿತಾದ ಒಂದು ಉಪನ್ಯಾಸ ಕೇಳಿ ಈಗಷ್ಟೇ ಮನೆಗೆ ಬಂದಿದ್ದೇನೆ. ಭಾಷಣಕಾರರು ಸ್ಟ್ಯಾಕ್ ಓವರ್‌ಫ್ಲೋ ಎಂಬ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಜಾಲತಾಣದ ಉದಾಹರಣೆ ಕೊಟ್ಟು, "ತಾಣ ಚೆನ್ನಾಗಿತ್ತು, ಜನ ತಾವಾಗಿಯೇ ಬಂದರು" ಎಂದರು. ಸಭೆಯೆಲ್ಲ ತಲೆದೂಗಿತು. ನನಗೆ ಮಾತ್ರ ಮೈ ಉರಿಯಿತು. ಏಕೆಂಬುದನ್ನು ನನ್ನ ಹಳೆಯ ಸಾಹಸ ಬಲ್ಲ ಸ್ನೇಹಿತರಿಗೆ ಹೇಳಬೇಕಾಗಿಲ್ಲ.

ಸ್ವಾಮಿ, ಯಾರೂ ತಾವಾಗಿ ಬರಲಿಲ್ಲ. ಆ ತಾಣದ ಸ್ಥಾಪಕರಿಬ್ಬರಲ್ಲಿ ಜೋಯೆಲ್ ಸ್ಪೋಲ್ಸ್ಕಿ 2000ದಿಂದಲೂ, ಜೆಫ್ ಅಟ್‌ವುಡ್ 2004ರಿಂದಲೂ ಬ್ಲಾಗ್ ಬರೆಯುತ್ತ, ಪ್ರೋಗ್ರಾಮರ್‌ಗಳ ದೊಡ್ಡದೊಂದು ಓದುಗ ಬಳಗವನ್ನೇ ಸಂಪಾದಿಸಿದ್ದರು. 2008ರ ಏಪ್ರಿಲ್‌ನಲ್ಲಿ ಅವರು ಯೋಜನೆಯನ್ನು ಪ್ರಕಟಿಸಿದಾಗ ತಾಣವಿನ್ನೂ ಸಿದ್ಧವಾಗಿರಲಿಲ್ಲ. ಆದರೆ ಅದರ ಹೆಸರನ್ನು ಓದುಗರ ಮತದಿಂದಲೇ ಆರಿಸಿಯಾಗಿತ್ತು, ಕಟ್ಟುವ ಕೆಲಸದ ನಡುವಿನ ತಮ್ಮ ಚರ್ಚೆಗಳನ್ನು ಪಾಡ್‌ಕಾಸ್ಟ್ ಮಾಡಿ ಅದೇ ಜನರಿಗೆ ಕೇಳಿಸುವುದೂ ಶುರುವಾಗಿತ್ತು. ಚಪ್ಪರ ಏಳುವ ಮೊದಲೇ ನೆಂಟರು ಬಂದು ಕುಳಿತಿದ್ದರು.

ಬೀಟಾ, ಅಂದರೆ ಎಲ್ಲರಿಗೂ ತೆರೆಯುವ ಮೊದಲಿನ ಪರೀಕ್ಷೆಯ ಹಂತದಲ್ಲಿ ಒಳಗೆ ಬಿಟ್ಟದ್ದೂ ಈ ನೆಂಟರನ್ನೇ. ಅಲ್ಲಿನ ಅತಿ ಹಳೆಯ ಪ್ರಶ್ನೆಗಳಲ್ಲೊಂದು 2008ರ ಜುಲೈ 31ರದು: ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಸಿ ಶಾರ್ಪ್‌ನಲ್ಲಿ ಡೆಸಿಮಲ್ ಎಂಬ ಬಗೆಯ ಸಂಖ್ಯೆಯನ್ನು ಡಬಲ್ ಎಂಬ ಬಗೆಗೆ ಪರಿವರ್ತಿಸುವುದು ಹೇಗೆ? ಪ್ರಶ್ನೆ ಸಿ ಶಾರ್ಪ್‌ನದ್ದೇ ಆಗಿದ್ದರಲ್ಲಿ ಆಶ್ಚರ್ಯವೇನಿದೆ? ತಾಣವನ್ನು ಕಟ್ಟಿದ್ದೇ ಮೈಕ್ರೋಸಾಫ್ಟ್ ತಂತ್ರಜ್ಞಾನದಲ್ಲಿ, ಆ ಬ್ಲಾಗ್‌ಗಳ ಓದುಗರಲ್ಲಿ ಅದನ್ನೇ ನಂಬಿ ಅನ್ನ ತಿನ್ನುವವರೂ ಬಹಳ ಮಂದಿ ಇದ್ದರು. ಕೇಳುವವನಿಗೂ ಬಲ್ಲವನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಬಿದ್ದಿತ್ತು. ಸೆಪ್ಟೆಂಬರ್ 15ರಂದು ಎಲ್ಲರಿಗೂ ಬಾಗಿಲು ತೆರೆಯುವ ಹೊತ್ತಿಗೆ, ಹೊಸಬರು ಓದಲು ಉತ್ತರಗಳು ತಯಾರಿದ್ದವು.

ಉಪನ್ಯಾಸ ಮುಗಿದ ಮೇಲೆ ಇದನ್ನೇ ಹೇಳಿದೆ. "ಅದಕ್ಕೂ ಹಳೆಯ ಪ್ರಶ್ನೋತ್ತರ ತಾಣ ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಹಣ ಕೇಳುತ್ತಿತ್ತು, ಉತ್ತರಗಳನ್ನು ಪುಟದ ತಳದಲ್ಲಿ ಅಡಗಿಸುತ್ತಿತ್ತು, ಅದರಿಂದ ಬೇಸತ್ತವರು ಹೇಗಿದ್ದರೂ ಬರುತ್ತಿದ್ದರು" ಎಂಬ ಉತ್ತರ ಬಂತು. ಬೇಸತ್ತಿದ್ದರು, ಒಪ್ಪಿದೆ. ಆದರೆ ಬೇಸತ್ತವನಿಗೆ ಹೊಸ ವಿಳಾಸ ಹೇಳಿದವರು ಯಾರು? ಕ್ವೋರಾ ಎಂಬ ಇನ್ನೊಂದು ಪ್ರಶ್ನೋತ್ತರ ತಾಣದ ಕಥೆಯೂ ಬೇರೆಯಲ್ಲ. ಫೇಸ್‌ಬುಕ್‌ನಲ್ಲಿ ದುಡಿದಿದ್ದ ಆಡಮ್ ಡಿ'ಆಂಜೆಲೊ ಮತ್ತು ಚಾರ್ಲಿ ಚೀವರ್ 2009ರಲ್ಲಿ ಅದನ್ನು ಆರಂಭಿಸಿದಾಗ, ಆಹ್ವಾನ ಪಡೆದು ಮೊದಲು ಒಳಬಂದವರಲ್ಲಿ ಸಿಲಿಕಾನ್ ಕಣಿವೆಯ ಪರಿಚಿತರೇ ತುಂಬಿದ್ದರು. ಅಲ್ಲಿಯೂ ತಾವಾಗಿ ಬಂದ ಪುಣ್ಯಾತ್ಮರನ್ನು ನಾನು ಕಾಣೆ.

ಇಷ್ಟೊಂದು ಕೋಪವೇಕೆಂದು ಕೇಳುವವರಿಗೆ ನಿಜ ಹೇಳಿಬಿಡುತ್ತೇನೆ. ತಾವಾಗಿ ಬರುತ್ತಾರೆಂದು ನಂಬಿ 2011ರಲ್ಲಿ ನಾನೂ ಒಂದು ಕನ್ನಡ ಪ್ರಶ್ನೋತ್ತರ ತಾಣ ಕಟ್ಟಿದ್ದೆ. ಒಬ್ಬ ಓದುಗನನ್ನೂ ಸಂಪಾದಿಸದೆ, ಉತ್ತಮ ಉತ್ತರಕ್ಕೆ ಕೊಡುವ ಪದಕಗಳ ಬಣ್ಣ ಆರಿಸುವುದರಲ್ಲೇ 3 ತಿಂಗಳು ಕಳೆದೆ. ಕೊನೆಗೆ ಸೇರಿದ ಸದಸ್ಯರು 14. ಅವರಲ್ಲಿ 5 ಮಂದಿ ನಾನೇ. ಮುಲಾಜಿಗೆ ಸೇರಿದ್ದ ನಮ್ಮ ಭಾವ ಅಲ್ಲಿ ಕೇಳಿದ ಏಕೈಕ ಪ್ರಶ್ನೆ, "ಖಾತೆಯನ್ನು ಅಳಿಸುವುದು ಹೇಗೆ?" ಬೇರೊಂದು ಹೆಸರಿನಲ್ಲಿ ನಾನೇ ಉತ್ತರಿಸಿದೆ.