ಕ್ರೋಮೋಸೋಮ್ ಇನ್ನೂ ಇದೆಯಾ ಮೇಡಂ?

ನಮ್ಮ ಪುಟ್ಟನಿಗೆ ಹತ್ತು ತುಂಬಿತು. ಶ್ಯಾವಿಗೆ ಪಾಯಸ ಮಾಡಿದ್ದೆ. ಅವನು ಪಾಯಸ ಮುಟ್ಟಲಿಲ್ಲ. ಪಾತ್ರೆಯ ಮುಚ್ಚಳ ಎತ್ತಿಕೊಂಡು, ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಾ ಕೂತ. ಅದೇ ವಾರ ಸರ್ಕಾರದ ಕಡೆಯಿಂದಲೂ ಒಂದು ಉಡುಗೊರೆ ಬಂತು. ಅವನ ಅಂಗವೈಕಲ್ಯದ ಸರ್ಟಿಫಿಕೇಟಿನ ವಾಯಿದೆ ಮುಗಿದಿತ್ತು. ಹಾಲಿನ ಪ್ಯಾಕೆಟ್ಟಿನ ಮೇಲೆ ಇರುವ ಹಾಗೆ ಅದರ ಮೇಲೂ ಒಂದು ತಾರೀಖು ಇರುತ್ತದೆ. ಅದು ದಾಟಿದರೆ ವೈಕಲ್ಯ ಒಡೆದು ಹೋಗುತ್ತದೆ ಅಂತ ಕಾಣುತ್ತೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪುಟ್ಟನಿಗೆ ಡೌನ್ ಸಿಂಡ್ರೋಮ್ ಇದೆ. ನಮ್ಮ ನಿಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇದ್ದರೆ ಅವನದರಲ್ಲಿ 47. 21ನೇದು ಎರಡಿರಬೇಕಾದ ಕಡೆ ಮೂರಿದೆ. ಹುಟ್ಟಿದ ದಿನವೇ ಮಕ್ಕಳ ಡಾಕ್ಟರು ಅವನ ಮುಷ್ಟಿ ಬಿಡಿಸಿ ಅಂಗೈ ನೋಡಿದರು. ನಮ್ಮ ಅಂಗೈಯ ಮೇಲ್ಭಾಗದಲ್ಲಿ ಎರಡು ಅಡ್ಡಗೆರೆ ಇರುತ್ತವಲ್ಲ, ಅವನಿಗೆ ಒಂದೇ. ಸ್ಕೇಲ್ ಇಟ್ಟು ಎಳೆದ ಹಾಗೆ, ಈ ತುದಿಯಿಂದ ಆ ತುದಿಗೆ. ಡೌನ್ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೀಗಿರುತ್ತದಂತೆ. ನಮ್ಮತ್ತೆ "ಒಂದೇ ಗೆರೆ ಅಂದ್ರೆ ರಾಜಯೋಗ" ಎಂದರು. ಡಾಕ್ಟರು ರಕ್ತಪರೀಕ್ಷೆಗೆ ಬರೆದರು.

ಇದರ ಜೊತೆಗೆ ಆಟಿಸಂ. ಅದು ಗೊತ್ತಾಗಲು ಆರು ವರ್ಷ ಹಿಡಿಯಿತು. ನಾನು ಏನು ಹೇಳಿದರೂ ಒಂದೇ ಉತ್ತರ ರೆಡಿ ಇರುತ್ತಿತ್ತು. ಕರೆದರೆ ತಿರುಗಲ್ಲ ಡಾಕ್ಟ್ರೇ. ಡೌನ್ ಮಕ್ಕಳು ಹಾಗೇಮ್ಮ. ಬರ್ತಿದ್ದ ನಾಲ್ಕು ಮಾತೂ ಹೋಯ್ತು. ಡೌನ್ ಮಕ್ಕಳು ಹಾಗೇಮ್ಮ. ಗಂಟೆಗಟ್ಟಲೆ ಫ್ಯಾನ್ ನೋಡ್ತಾನೆ. ಡೌನ್ ಮಕ್ಕಳು ಹಾಗೇಮ್ಮ. ಇತ್ತ ನೆಂಟರದು ಇನ್ನೊಂದು ರಾಗ: "ಡೌನ್ ಮಕ್ಕಳು ಎಲ್ಲರನ್ನೂ ತಬ್ಬಿಕೊಳ್ತಾವಂತೆ, ಹಾಡು ಹಾಕಿದ್ರೆ ಕುಣೀತಾವಂತೆ. ಇವನ್ಯಾಕೆ ಹಿಂಗೆ?" ಅಂದರೆ ಡೌನ್ ಮಕ್ಕಳಿಗೂ ಒಂದು ಸಿಲೆಬಸ್ ಇದೆ. ನನ್ನ ಮಗ ಅದರಲ್ಲೂ ಫೇಲು. ಡೌನ್ ಇರುವ ನೂರು ಮಕ್ಕಳಲ್ಲಿ ಸುಮಾರು 16ರಿಂದ 18 ಮಂದಿಗೆ ಆಟಿಸಂ ಕೂಡ ಇರುತ್ತದೆ ಎಂಬುದು ಹೆಚ್ಚಾಗಿ ಕೇಳಿಬರುವ ಅಂದಾಜು. ಆ ಲೆಕ್ಕ ನಮ್ಮ ನೆಂಟರನ್ನೂ ತಲುಪಿಲ್ಲ, ಸರ್ಟಿಫಿಕೇಟು ಕೊಡುವ ಕೌಂಟರಿನವರನ್ನೂ ತಲುಪಿಲ್ಲ.

ಕೌಂಟರಿಗೇ ಬರೋಣ. ನಿಯಮ ಹೀಗಿದೆ. ಬೌದ್ಧಿಕ ವೈಕಲ್ಯದ ಸರ್ಟಿಫಿಕೇಟನ್ನು ಮಗುವಿಗೆ 5 ತುಂಬಿದಾಗ, 10 ತುಂಬಿದಾಗ, 18 ತುಂಬಿದಾಗ ಹೊಸದು ಮಾಡಿಸಬೇಕು. 18ಕ್ಕೆ ಕೊಟ್ಟಿದ್ದು ಖಾಯಂ. ಮಕ್ಕಳ ಬುದ್ಧಿಮಟ್ಟ ಬೆಳೀತಾ ಬದಲಾಗುತ್ತೆ, ಅದಕ್ಕೇ ಮರುಪರೀಕ್ಷೆ ಅನ್ನುತ್ತಾರೆ. ಒಪ್ಪಿದೆ. ಎಷ್ಟೋ ಮಕ್ಕಳಿಗೆ ಅದು ನಿಜ ಕೂಡ. ಆದರೆ ಕ್ರೋಮೋಸೋಮ್? ಅದೇನು ನಮ್ಮ ಮಗನ ಮೈಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇದೆಯಾ, ಓನರ್ ಬೇಡ ಅಂದರೆ ಖಾಲಿ ಮಾಡಿಕೊಂಡು ಹೋಗೋಕೆ?

ಹಾಗೇ ಇದೆ ಎಂದು ನಂಬಿದವರನ್ನು ನಾನು ಕಣ್ಣಾರೆ ಕಂಡೆ. ಊರಿನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಪುಟ್ಟನ ಕ್ರೋಮೋಸೋಮ್ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ನಮ್ಮ ಮದುವೆ ಫೋಟೋಗೂ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಅದನ್ನು ಕೊಟ್ಟೆ. ಕೌಂಟರಿನವರು ತಾರೀಖು ನೋಡಿದರು.

"ಇದು ಹತ್ತು ವರ್ಷದ್ದು ಮೇಡಂ. ಆರು ತಿಂಗಳೊಳಗಿಂದು ಬೇಕು."

"ಸರ್, ಅದು ಬದಲಾಗಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ."

ಸುಮ್ನೆ ಬೆಂಚಿನ ಮೇಲೆ ಹೋಗಿ ಕೂತೆ. ಆ ಬೆಂಚು ನನಗೆ ಹಳೇ ಪರಿಚಯ. ನಮ್ಮ ಮಕ್ಕಳನ್ನು ಮೊದಲು ಅಂಗವಿಕಲರು ಎಂದರು. ಆಮೇಲೆ ವಿಕಲಚೇತನರು, ವಿಶೇಷಚೇತನರು, ದಿವ್ಯಾಂಗರು. ಬೆಂಚು ಮಾತ್ರ ಅದೇ. ಒಂದು ಕಾಲು ಕುಂಟು. ಅದಕ್ಕೂ ಒಂದು ಸರ್ಟಿಫಿಕೇಟು ಕೊಡಬಹುದು.

ಬರುವ ದಾರಿಯ ಕಥೆಯೂ ಇದೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನನಗೆ ಫ್ರೀ. ಪುಟ್ಟನಿಗೆ ಅರ್ಧ ಟಿಕೆಟ್. ಅವನಿಗೆ ಪಾಸ್ ಬೇಕಂದರೆ ಅಂಗವಿಕಲರ ಗುರುತಿನ ಕಾರ್ಡು ಬೇಕು. ಕಾರ್ಡಿಗೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಓಡಾಡೋಕೆ ಬಸ್ಸು ಬೇಕು.

ಮತ್ತೆ ನಮ್ಮ ಸರದಿ ಬಂತು. "ಯಾವ ಟೈಪು ಮೇಡಂ? ಡೌನಾ, ಆಟಿಸಮ್ಮಾ?"

"ಎರಡೂ ಸರ್."

"ಎರಡೂ ಅಂದ್ರೆ ಹೆಂಗೆ? ಯಾವುದಾದ್ರೂ ಒಂದು ಹೇಳಿ."

ನಮ್ಮ ಬೀದಿ ಕೊನೆಯ ದರ್ಶಿನಿಯಲ್ಲಿ "ಒಂದು ಇಡ್ಲಿ, ಒಂದು ವಡೆ" ಅಂದರೆ ಮಾಣಿ ಮರುಮಾತಿಲ್ಲದೆ ಒಂದೇ ತಟ್ಟೆಯಲ್ಲಿ ಎರಡನ್ನೂ ತಂದಿಡುತ್ತಾನೆ. ಇಡ್ಲಿನಾ ವಡೆನಾ, ಯಾವುದಾದ್ರೂ ಒಂದು ಹೇಳಿ ಅನ್ನಲ್ಲ. ಕಾನೂನಿನಲ್ಲೂ ಆ ತಟ್ಟೆ ಇದೆ. ಬಹುವಿಧ ವೈಕಲ್ಯ ಎಂಬ ಕಾಲಂ ಇದೆ. ಕೌಂಟರಿನವರು ಆ ಕಾಲಂವರೆಗೆ ಸ್ಕ್ರಾಲ್ ಮಾಡಿರಲಿಲ್ಲ, ಅಷ್ಟೇ. ಸ್ಪೆಷಲ್ ಸ್ಕೂಲುಗಳೂ ಇವರ ಅಣ್ಣತಮ್ಮಂದಿರೇ. ಒಂದು ಕಡೆ "ಡೌನ್ ಮಕ್ಕಳಾದ್ರೆ ಸರಿ, ಆಟಿಸಂ ಇದ್ರೆ ನಮ್ಮ ಟೀಚರ್‌ಗಳಿಗೆ ಕಷ್ಟ" ಎಂದರು. ಇನ್ನೊಂದು ಕಡೆ "ನಮ್ಮದು ಆಟಿಸಂ ಸೆಂಟರ್, ಡೌನ್‌ಗೆ ಬೇರೆ ಕಡೆ ನೋಡಿ" ಎಂದರು. ಎಡಗಡೆಯ ಅರ್ಧ ಮಗುವನ್ನು ಇಲ್ಲಿ, ಬಲಗಡೆಯ ಅರ್ಧವನ್ನು ಅಲ್ಲಿ ಬಿಟ್ಟು ಬರಬಹುದಿತ್ತೋ ಏನೋ. ಕರೆತರೋಕೆ ವ್ಯಾನ್ ಮಾತ್ರ ಎರಡು ಬೇಕಾಗುತ್ತಿತ್ತು.

ಇನ್ನು ಕಾನೂನು. 1995ರ ಕಾಯ್ದೆಯಲ್ಲಿ ಏಳು ವೈಕಲ್ಯಗಳಿದ್ದವು. 2016ರ ಕಾಯ್ದೆ ಬಂದು ಅದನ್ನು 21 ಮಾಡಿತು. ಕ್ರೋಮೋಸೋಮ್ 21, ವೈಕಲ್ಯ 21, ಡೌನ್ ದಿನ ಮಾರ್ಚ್ 21. ನಮ್ಮ ಮಕ್ಕಳಿಗೆಂದೇ ಮುಹೂರ್ತ ನೋಡಿ ಇಟ್ಟ ಹಾಗಿದೆ ಅಂತ ಖುಷಿಯಿಂದ ಪಟ್ಟಿ ಓದಿದೆ. ಥಲಸ್ಸೀಮಿಯಾ ಇದೆ. ಹಿಮೋಫಿಲಿಯಾ ಇದೆ. ಪಾರ್ಕಿನ್ಸನ್ಸ್ ಇದೆ. ಆಟಿಸಂ ಇದೆ. ಡೌನ್ ಸಿಂಡ್ರೋಮ್ ಎಂಬ ಹೆಸರೇ ಇಲ್ಲ! ಅದು ಬೌದ್ಧಿಕ ವೈಕಲ್ಯದ ಒಳಗೆ ಬರುತ್ತದೆ. ಮದುವೆ ಕಾರ್ಡಿನಲ್ಲಿ ಹೆಸರು ಬರೆಯದೆ "ಅವರ ಮನೆಯವರ ಜೊತೆ ನೀವೂ ಬಂದುಬಿಡಿ" ಅಂದ ಹಾಗೆ. ಊಟವೇನೋ ಸಿಗುತ್ತದೆ.

ಒಳಗೆ ಪರೀಕ್ಷೆ ಶುರುವಾಯಿತು. ಆಟಿಸಂ ಅಳೆಯಲು ನಮ್ಮ ದೇಶದ್ದೇ ಒಂದು ಮಾಪನ ಇದೆ. ನಲವತ್ತು ಪ್ರಶ್ನೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಸೊನ್ನೆ ಕೊಡೋ ಹಾಗಿಲ್ಲ. ಹಾಗಾಗಿ ಏನೂ ತೊಂದರೆ ಇಲ್ಲದ ಮಗುವಿಗೂ 40 ಅಂಕ ಗ್ಯಾರಂಟಿ. ಎಸ್ಸೆಸ್ಸೆಲ್ಸಿಗೂ ಇಂಥದ್ದೊಂದು ಏರ್ಪಾಡು ಇದ್ದಿದ್ದರೆ ನಮ್ಮ ತಮ್ಮ ಗಣಿತದಲ್ಲಿ ಪಾಸಾಗಿರುತ್ತಿದ್ದ. ಬುದ್ಧಿಮಟ್ಟಕ್ಕೆ ಬೇರೆ ಪ್ರಶ್ನೆಗಳು. ಅಂಗಡಿಗೆ ಹೋಗಿ ಸಣ್ಣಪುಟ್ಟ ಸಾಮಾನು ತರ್ತಾನಾ? ತಾನೇ ಹೋಗಿ ಮಲಗ್ತಾನಾ? ಪುಟ್ಟ ಆ ಹೊತ್ತಿಗೆ ಮೇಜಿನ ಕೆಳಗೆ ಮಲಗಿ, ಫ್ಯಾನ್ ನೋಡುತ್ತಾ ಎರಡೂ ಕೈ ಹಕ್ಕಿಯಂತೆ ಬಡಿಯುತ್ತಿದ್ದ. ನನಗೆ ಉತ್ತರ ಹೇಳುವ ಕೆಲಸವೇ ಇರಲಿಲ್ಲ. ಆದರೂ ಕೇಳಲೇಬೇಕು, ನಾನು ಹೇಳಲೇಬೇಕು. ಹಾಳೆಯಲ್ಲಿ ಜಾಗ ಇದೆಯಲ್ಲ. ಅಷ್ಟರಲ್ಲಿ ಇನ್ನೊಬ್ಬ ಡಾಕ್ಟರು ಒಳಗೆ ಬಂದು ಪುಟ್ಟನ ಮುಖ ನೋಡಿದರು. ಫ್ಯಾನಿನ ಜೊತೆ ಏನೋ ಮಾತಾಡಿಕೊಂಡು ಅವನು ನಗುತ್ತಿದ್ದ. "ನಗ್ತಾನಲ್ಲ! ಇವನಿಗೆಲ್ಲಿ ಆಟಿಸಂ?" ಎಂದು ಹೊರಟರು. ಅತ್ತಿದ್ದರೆ ಏನೆನ್ನುತ್ತಿದ್ದರೋ.

ಈಗ ಲೆಕ್ಕಕ್ಕೆ ಬನ್ನಿ. ಎರಡು ವೈಕಲ್ಯ ಇದ್ದರೆ ಎರಡರ ಪರ್ಸೆಂಟನ್ನೂ ಸುಮ್ನೆ ಕೂಡೋ ಹಾಗಿಲ್ಲ, ಅದಕ್ಕೊಂದು ಸೂತ್ರ ಇದೆ. ದೊಡ್ಡ ಅಂಕಿಯನ್ನು 90ರಿಂದ ಕಳೆಯಿರಿ. ಬಂದಿದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ. 90ರಿಂದ ಭಾಗಿಸಿ. ಅದನ್ನು ದೊಡ್ಡ ಅಂಕಿಗೆ ಸೇರಿಸಿ. ಬುದ್ಧಿಮಟ್ಟಕ್ಕೆ 75, ಆಟಿಸಂಗೆ 60 ಎಂದುಕೊಳ್ಳಿ. ಒಟ್ಟು 85. ಸರಿ, ಎರಡನೇದಕ್ಕೆ ಹತ್ತು ಸಿಕ್ಕಿತು. ಬುದ್ಧಿಮಟ್ಟಕ್ಕೇ 90 ಬಂದಿದ್ದರೆ? ಆಟಿಸಂ ಎಷ್ಟೇ ಇರಲಿ, ಒಟ್ಟು 90. ಆಟಿಸಂಗೆ ಸೊನ್ನೆ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ರಾತ್ರಿ ಅಡುಗೆಮನೆ ಕಟ್ಟೆ ಮೇಲೆ ಕೂತು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಬುದ್ಧಿಮಟ್ಟಕ್ಕೆ 100, ಆಟಿಸಂಗೆ 90. ಸೂತ್ರವನ್ನು ಹಾಗೇ ಹಾಕಿದರೆ ಉತ್ತರ 90! ಮೂರು ಸಲ ಮಾಡಿದೆ. ನಮ್ಮವರನ್ನು ಎಬ್ಬಿಸಿ ಮಾಡಿಸಿದೆ. ಅದೇ. ಅಂದರೆ 100 ಇದ್ದ ಮಗುವಿಗೆ ಮೇಲೊಂದು ಆಟಿಸಂ ಬಂದರೆ ಹತ್ತು ಪರ್ಸೆಂಟ್ ಗುಣವಾಗುತ್ತದೆ. ಇಷ್ಟು ವರ್ಷ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಅಂತ ದುಡ್ಡು ಸುರಿದಿದ್ದೇವೆ. ಔಷಧಿ ನಮ್ಮ ಮನೆಯಲ್ಲೇ ಇತ್ತು.

ಬರುವ ಪರ್ಸೆಂಟಿನ ಮೇಲೆ ಕಾರ್ಡಿನ ಬಣ್ಣ. 40ರ ಕೆಳಗೆ ಬಿಳಿ, 80ರ ಕೆಳಗೆ ಹಳದಿ, 80ರಿಂದ ಮೇಲೆ ನೀಲಿ. ಬೆಂಚಿನ ಮೇಲೆ ಪಕ್ಕದಲ್ಲಿದ್ದ ಅಮ್ಮ ಒಬ್ಬರು "ನಿಮ್ದು ನೀಲಿನಾ? ಪುಣ್ಯವಂತರು" ಎಂದರು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು ಅಂತ ಹೇಳಲು ನಾಚಿಕೆ.

ಈ ಕಾರ್ಡಿಗೂ ಮೊದಲು ಆಧಾರ್. ಮಗುವಿಗೆ ಐದು ತುಂಬಿದಾಗ ಬೆರಳು, ಕಣ್ಣು ಎರಡನ್ನೂ ಯಂತ್ರಕ್ಕೆ ಕೊಡಬೇಕು. ಕೇಂದ್ರದ ಹುಡುಗ ಒಳ್ಳೆಯವನು. "ಪುಟ್ಟಾ, ಇಲ್ಲಿ ನೋಡಪ್ಪಾ" ಎಂದು ಹನ್ನೆರಡು ಸಲ ಕರೆದ. ಚಿಟಿಕೆ ಹೊಡೆದ. ಮೊಬೈಲಿನಲ್ಲಿ ನಾಯಿಮರಿ ತೋರಿಸಿದ. ಪುಟ್ಟ ಗೋಡೆಯ ಸುಣ್ಣ ನೋಡುತ್ತಿದ್ದ. ಈಗ ಯೋಚಿಸಿದರೆ ನಗು ಬರುತ್ತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ ಅನ್ನೋದು ಆಟಿಸಂ ಮಾಪನದ ಮೊದಮೊದಲ ಪ್ರಶ್ನೆ. ಅಂದರೆ ಯಂತ್ರವನ್ನು ನೋಡಿದರೆ ಆಧಾರ್ ಸಿಗುತ್ತದೆ, ಆಟಿಸಂ ಮೇಲೆ ಅನುಮಾನ ಬರುತ್ತದೆ. ನೋಡದಿದ್ದರೆ ಆಟಿಸಂ ಗಟ್ಟಿ, ಆಧಾರ್ ಇಲ್ಲ. 15ಕ್ಕೆ ಮತ್ತೆ ಕೊಡಬೇಕು.

18ರದ್ದು ಇನ್ನೂ ಸ್ವಾರಸ್ಯ. ಅವತ್ತು ಅವನ ಸರ್ಟಿಫಿಕೇಟು ಖಾಯಂ ಆಗುತ್ತದೆ ಎಂದೆನಲ್ಲ. ಅದೇ ದಿನ ನನ್ನ ಹುದ್ದೆ ಹೋಗುತ್ತದೆ. ಅವನು ಕಾನೂನಿನ ಕಣ್ಣಲ್ಲಿ ದೊಡ್ಡವನು. ಅವನ ಪರವಾಗಿ ಸಹಿ ಹಾಕಬೇಕಂದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾ ಸಮಿತಿಗೆ ಅರ್ಜಿ ಹಾಕಿ, ಪೋಷಕಿ ಎಂದು ನೇಮಕ ಮಾಡಿಸಿಕೊಳ್ಳಬೇಕು. ಹೆತ್ತಿದ್ದಕ್ಕೆ ದಾಖಲೆ ಕೇಳಿದರೆ ಜೆರಾಕ್ಸ್ ಎಷ್ಟು ಪ್ರತಿ ಅಂತ ಈಗಲೇ ತಿಳಿದುಕೊಂಡಿರೋದು ಒಳ್ಳೇದು.

ವರ್ಷಕ್ಕೆ ಎರಡು ದಿನ ಮಾತ್ರ ಎಲ್ಲರೂ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮಾರ್ಚ್ 21 ಡೌನ್ ದಿನ. ಕ್ರೋಮೋಸೋಮ್ ನೋಡಲು ಸಾಕ್ಸ್ ಥರ ಇರುತ್ತದೆ ಅಂತ ಅವತ್ತು ಎಲ್ಲರೂ ಜೋಡಿಯಲ್ಲದ ಬಣ್ಣಬಣ್ಣದ ಸಾಕ್ಸ್ ಹಾಕಿಕೊಳ್ಳಬೇಕು. ನಮ್ಮ ಪುಟ್ಟನಿಗೆ ಸಾಕ್ಸ್ ಅಂದರೆ ಕಾಲಿಗೆ ಕೆಂಡ ಕಟ್ಟಿದ ಹಾಗೆ. ಹಾಕಿದ ಮರುಗಳಿಗೆ ಕಿತ್ತು ಎಸೆಯುತ್ತಾನೆ. ಹೋದ ಸಲ ಎಸೆದದ್ದು ಸ್ವಾಗತ ಭಾಷಣ ಮಾಡುತ್ತಿದ್ದವರ ಮೈಸೂರು ಪೇಟದ ಮೇಲೆ ಬಿತ್ತು. ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಹನ್ನೆರಡು ದಿನ ಬಿಟ್ಟು ಏಪ್ರಿಲ್ 2, ಆಟಿಸಂ ದಿನ. ನೀಲಿ ದೀಪ, ನೀಲಿ ಬಲೂನು. ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ನೂರು ಮಕ್ಕಳನ್ನು ಒಂದು ಸಭಾಂಗಣದಲ್ಲಿ ಕೂಡಿಸಿ, ಮುಖ್ಯ ಅತಿಥಿಗಳಿಗೆ ಡೊಳ್ಳು ಬಾರಿಸಿ ಸ್ವಾಗತ ಮಾಡಿದರು. ಅತಿಥಿಗಳು ಬಂದಿದ್ದು ಎರಡು ಗಂಟೆ ತಡವಾಗಿ, ಅಷ್ಟು ಹೊತ್ತು ಮೈಕ್ ಟೆಸ್ಟಿಂಗ್. "ಈ ಮಕ್ಕಳು ದೇವರ ಸಮಾನ" ಎಂದು ಅವರು ಶುರು ಮಾಡಿದ್ದೇ ತಡ, ಹಿಂದೆ ಒಂದು ಬಲೂನು ಢಮಾರ್ ಎಂದಿತು. ದೇವರುಗಳೆಲ್ಲ ಚೀರಿಕೊಂಡು ಬಾಗಿಲ ಕಡೆ ಓಡಿದವು.

ಇಷ್ಟೆಲ್ಲ ದಾಟಿ ಕೊನೆಗೆ ಫಾರಂ ತುಂಬಿದ್ದಾಯಿತು. ಮೂರು ವಾರ, ಐದು ಸಲ ಓಡಾಟ. ಕ್ರೋಮೋಸೋಮಿನ ವಿಷಯ ಮೇಲಿನವರೆಗೆ ಹೋಗಿ, ಒಬ್ಬ ಹಿರಿಯ ಡಾಕ್ಟರು ನಕ್ಕು, ಹಳೇ ರಿಪೋರ್ಟನ್ನೇ ಒಪ್ಪಿದರು. ಕೊನೆಯ ಸಾಲು ಉಳಿದಿತ್ತು, ಅರ್ಜಿದಾರರ ಸಹಿ.

"ಅವನಿಗೆ ಬರೆಯೋಕೆ ಬರಲ್ಲ ಸರ್."

"ಹೆಬ್ಬೆಟ್ಟು ಒತ್ತಿಸಿ. ಈ ಬಾಕ್ಸ್ ಒಳಗೇ ಬೀಳ್ಬೇಕು."

ಪುಟ್ಟನ ಹೆಬ್ಬೆರಳು ಹಿಡಿದೆ. ಅವನು ಕಿತ್ತುಕೊಂಡ. ಬೆರಳು ಹಿಡಿದರೆ ಅವನಿಗೆ ಆಗಲ್ಲ. ಮತ್ತೆ ಹಿಡಿದೆ, ಮತ್ತೆ ಕಿತ್ತುಕೊಂಡ. ಆಮೇಲೆ ತನಗೇ ಏನನ್ನಿಸಿತೋ, ಸ್ಟಾಂಪ್ ಪ್ಯಾಡಿನ ಮೇಲೆ ಪೂರಾ ಅಂಗೈ ಒತ್ತಿದ. ತಣ್ಣಗೆ ಹಿತವಾಗಿರಬೇಕು. ಇನ್ನೊಂದು ಸಲ ಒತ್ತಿದ. ನಾನು ತಡೆಯುವಷ್ಟರಲ್ಲಿ ಆ ಕೈಯನ್ನು ಫಾರಂ ಮೇಲೆ ಪಟ್ ಎಂದು ಬಡಿದ. ಹೆಸರು, ವಿಳಾಸ, ವೈಕಲ್ಯದ ವಿಧ, ಎಲ್ಲದರ ಮೇಲೂ ನೇರಳೆ ಬಣ್ಣದ ದಪ್ಪ ದಪ್ಪ ಐದು ಬೆರಳು. ನಡುವೆ ಅಂಗೈ. ಅದರಲ್ಲಿ ಶಾಯಿ ತಾಗದೆ ಉಳಿದ ಒಂದೇ ಒಂದು ಬಿಳಿ ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ, ಈ ತುದಿಯಿಂದ ಆ ತುದಿಗೆ.

ಕೌಂಟರಿನವರು ಫಾರಂ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಅಯ್ಯೋ, ಎಲ್ಲಾ ಹಾಳಾಯ್ತಲ್ಲ ಮೇಡಂ. ಹೋಗಿ, ಇನ್ನೊಂದು ಫಾರಂ ತಗೊಂಡ್ ಬನ್ನಿ."