ಕೆಲಸಗಾರರನ್ನು ದೂರುವ ಮೊದಲು ಗುತ್ತಿಗೆ ಪತ್ರವನ್ನು ಓದೋಣ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಲೆಕ್ಕಪತ್ರದ ಚರ್ಚೆ ಮುಗಿದ ಕೂಡಲೇ ಕೇಳಿಬರುವ ಮಾತು, ನಿರ್ವಹಣೆಯ ಹುಡುಗರು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದು. ಇದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಅವರ ಕೆಲಸದ ಗುಣಮಟ್ಟದ ಬಹುಪಾಲು, ಅವರು ಗೇಟಿನೊಳಗೆ ಕಾಲಿಡುವ ಮೊದಲೇ, ನಾವು ಅತಿ ಕಡಿಮೆ ದರದ ಕೊಟೇಶನ್ನಿಗೆ ಸಹಿ ಹಾಕಿದ ದಿನವೇ ನಿರ್ಧಾರವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ.ಗೆ (ನೌಕರರ ಆರೋಗ್ಯ ವಿಮೆಗೆ) ಮಾಲೀಕರ ಶೇ. 3.25ರ ಪಾಲು, ಶೇ. 18ರ ಜಿ.ಎಸ್.ಟಿ. ಇವೆಲ್ಲ ಕಾನೂನಿನಂತೆ ನಿಗದಿಯಾದವು. ಹೀಗಿರುವಾಗ ಈ ಕೆಲಸಗಾರರನ್ನು ಒದಗಿಸುವ ಒಂದು ಏಜೆನ್ಸಿ ಉಳಿದವರಿಗಿಂತ ಬಹಳ ಕಡಿಮೆ ದರ ಹೇಳಿದರೆ, ಕತ್ತರಿ ಬೀಳುವುದು ತರಬೇತಿಗೆ ಮತ್ತು ರಜೆಯಲ್ಲಿ ಹೋದವರ ಜಾಗಕ್ಕೆ ಬರಬೇಕಾದ ರಿಲೀವರ್‌ಗೆ. ರಿಲೀವರ್ ಇಲ್ಲದಾಗ ರಾತ್ರಿ ಪಾಳಿ ಮುಗಿಸಿದ ಎಲೆಕ್ಟ್ರಿಷಿಯನ್ನೇ ಹಗಲಿಗೂ ನಿಲ್ಲುತ್ತಾನೆ; ನಿದ್ದೆಗೆಟ್ಟ ಕಣ್ಣಿನಲ್ಲಿ ಪ್ಯಾನೆಲ್ ಬೋರ್ಡಿಗೆ ಕೈ ಹಾಕುವವನಿಂದ ನಾವು ಚುರುಕುತನವನ್ನು ನಿರೀಕ್ಷಿಸುತ್ತೇವೆ.

ಇನ್ನು ಬಿಡಿಭಾಗಗಳ ವಿಷಯ. ಸಂಪಿನ ಪಂಪಿನಲ್ಲಿ ನೀರು ಹೊರಬರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸೋರತೊಡಗಿದರೆ ನೀರು ಬೇರಿಂಗಿಗೆ ಇಳಿಯುತ್ತದೆ, ಬೇರಿಂಗ್ ಹಾಳಾಗುತ್ತದೆ, ಕೊನೆಗೆ ಮೋಟರ್ ಸುಟ್ಟುಹೋಗಲೂಬಹುದು. ಪ್ಲಂಬರ್ ಮೊದಲ ದಿನವೇ ಹೇಳಿದರೂ, ಸೀಲಿನ ಅಲ್ಪ ಖರ್ಚಿಗೆ ಖಜಾಂಚಿಯ ಒಪ್ಪಿಗೆ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಮೋಟರ್ ಸುಟ್ಟ ದಿನ ಮಾತ್ರ ಬೈಗುಳಕ್ಕೆ ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ. ಅಲ್ಲದೆ ನಾವು ಎಣಿಸುವುದು ಬಗೆಹರಿದ ದೂರುಗಳನ್ನು. ದೂರೇ ಬಾರದಂತೆ ಗ್ರೀಸ್ ಹಾಕಿದವನ, ವಾಲ್ವ್ ತಿರುಗಿಸಿ ನೋಡಿದವನ ಶ್ರಮ ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಅದರ ಮೇಲೆ, ಮೇಲ್ವಿಚಾರಕರೊಬ್ಬರಿದ್ದರೂ ಪ್ರತಿ ಮನೆಯವರೂ ವಾಟ್ಸಾಪಿನಲ್ಲಿ ಆಜ್ಞೆ ಕೊಡುತ್ತಾರೆ. ಟೆರೇಸಿನ ಟ್ಯಾಂಕ್ ಅರ್ಧಕ್ಕೆ ಬಿಟ್ಟು ಯಾರದೋ ಗೀಸರ್ ನೋಡಲು ಓಡಬೇಕಾಗುತ್ತದೆ.

ಎಸ್.ಟಿ.ಪಿ.ಯ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ, ಕೆಲಸವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅಲ್ಲಿನ ಮುಚ್ಚಿದ ಟ್ಯಾಂಕುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿಕೊಳ್ಳಬಹುದು. ಹೆಚ್ಚಿನ ಸಾಂದ್ರತೆಯಲ್ಲಿ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯನ್ನು ನಂಬಿ ಇಳಿಯುವಂತಿಲ್ಲ. ರಕ್ಷಣಾ ಸಲಕರಣೆಗಳಿಲ್ಲದೆ ಮಲಗುಂಡಿಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ, ಇಳಿಯಲು ಹಿಂಜರಿದವನನ್ನು ಸೋಮಾರಿ ಎಂದು ಕರೆದದ್ದನ್ನು ನಾನು ಕೇಳಿದ್ದೇನೆ. ಅದು ಸೋಮಾರಿತನವಲ್ಲ, ವಿವೇಕ.

ಮುಂದಿನ ಗುತ್ತಿಗೆ ನವೀಕರಣದಲ್ಲಿ ರಿಲೀವರ್‌ಗೆ ಪ್ರತ್ಯೇಕ ಮೊತ್ತ ನಮೂದಾಗಿದೆಯೇ, ಸಣ್ಣ ಬಿಡಿಭಾಗಗಳಿಗೆ ಮೇಲ್ವಿಚಾರಕರ ಕೈಯಲ್ಲಿ ನಗದು ಇರುತ್ತದೆಯೇ, ನೆಲಮಾಳಿಗೆಯಲ್ಲಿ ಊಟ ಮಾಡಲು ಗಾಳಿಯಾಡುವ ಕೋಣೆಯೊಂದಿದೆಯೇ ಎಂದು ನಿಮ್ಮ ಸಮಿತಿಯನ್ನು ಕೇಳಿ. ದರದ ಮಾತು ಆಮೇಲೆ ಆಡಬಹುದು.