ಅಲ್ಲಿಯವರನ್ನು ಕೇಳಿದಿರಾ?

ನಿನ್ನೆ ಸಂಜೆಯಿಂದ ತಲೆ ಕಾದಿದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದರೂ ಸಿಟ್ಟು ಇಳಿಯದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಿ.

ನಮ್ಮ ಗುಂಪಿನ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಐದು ಜನ, ವರ್ಷಕ್ಕೊಂದು ಗುಡ್ಡ. ಕೊಡಚಾದ್ರಿ, ಕುಮಾರ ಪರ್ವತ, ಕುದುರೆಮುಖ, ನೇತ್ರಾವತಿ ಎಲ್ಲ ಆಯಿತು. ಈ ಸಲ ಸಮುದ್ರ ದಾಟೋಣ ಎಂದು ಹಟ ಹಿಡಿದವಳು ನಾನೇ. ಶ್ರೀಲಂಕಾದ ನಕಲ್ಸ್ ಬೆಟ್ಟಸಾಲಿನ ಬಗ್ಗೆ ಎರಡು ವರ್ಷಗಳಿಂದ ಓದುತ್ತಾ, ನಕ್ಷೆ ನೋಡುತ್ತಾ, ಅಲ್ಲಿಗೆ ಹೋಗಿ ಬಂದವರಿಗೆ ಫೋನು ಮಾಡುತ್ತಾ ಕುಳಿತಿದ್ದೇನೆ. ನಿನ್ನೆ ನಮ್ಮ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿ ದಿನಾಂಕ ಗೊತ್ತು ಮಾಡುವುದೆಂದು ತೀರ್ಮಾನವಾಗಿತ್ತು. ಗೋಳಿಬಜೆ ಕರಿದು ಇಟ್ಟಿದ್ದೆ. ಅಣ್ಣನ ಮಗ ಲ್ಯಾಪ್‌ಟಾಪ್ ಬಿಡಿಸಿ, "ಅತ್ತೆ, ನೀವು ಏನೂ ತಲೆಬಿಸಿ ಮಾಡಬೇಡಿ, ಎಲ್ಲ ಯೋಜನೆ ತಯಾರಾಗಿದೆ" ಎಂದ.

ನೋಡಿದೆ. ಡಿಸೆಂಬರ್ 24ಕ್ಕೆ ಬೆಂಗಳೂರಿನಿಂದ ಕೊಲಂಬೊ. ಮರುದಿನ ರೈಲಿನಲ್ಲಿ ಕ್ಯಾಂಡಿ. ಅಲ್ಲಿಂದ ಮೀಮುರೆ ಎಂಬ ಹಳ್ಳಿ. ಅದರ ಮರುದಿನ ಕಾಡಿನೊಳಗೆ ನಮ್ಮದೇ ಡೇರೆ, ನಮ್ಮದೇ ಅಡುಗೆ, ಎರಡು ರಾತ್ರಿ. ದಾರಿಗೆ ಮೊಬೈಲಿನ ನಕ್ಷೆ. ಸ್ಥಳೀಯ ಮಾರ್ಗದರ್ಶಿ ಎಂಬ ಸಾಲಿನ ಮುಂದೆ 'ಅಗತ್ಯವಿಲ್ಲ' ಎಂದು ಬರೆದಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿಯವರು ಯಾರನ್ನಾದರೂ ಕೇಳಿದಿಯಾ?"

"ಯಾಕೆ ಅತ್ತೆ? ಎಲ್ಲ ಇದರಲ್ಲೇ ಇದೆಯಲ್ಲ" ಎಂದು ಮೊಬೈಲ್ ತೋರಿಸಿದ. ಉಳಿದ ಮೂವರೂ ತಲೆ ಆಡಿಸಿದರು. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ, ತಲೆ ಆಡಿಸಿದ ಹಿರಿಯರ ಮೇಲೆ. ಮೂವತ್ತು ವರ್ಷ ಘಟ್ಟ ಹತ್ತಿ ಇಳಿದವರು, ಮಳೆಯ ವಾಸನೆ ಹಿಡಿದು ಹೆಜ್ಜೆ ಇಟ್ಟವರು, ಅವರೂ ಹೀಗೆಯೇ?

ಮೊದಲು ಡಿಸೆಂಬರ್ ವಿಷಯ ಹೇಳುತ್ತೇನೆ. ನಾವು ಉಡುಪಿಯವರು. ಜೂನ್‌ನಲ್ಲಿ ಮಳೆ ಬರುತ್ತದೆ, ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಜಡಿಯುತ್ತದೆ, ನವರಾತ್ರಿಗೆ ತಗ್ಗುತ್ತದೆ, ದೀಪಾವಳಿ ಕಳೆದರೆ ಅಂಗಳಕ್ಕೆ ಸೆಗಣಿ ಸಾರಿಸಿ ಅಡಿಕೆ ಒಣಗಿಸಬಹುದು. ಚಳಿ ಎಂದರೆ ಒಣಗಾಲ ಎಂದು ನಮ್ಮ ಮೈಗೆ ರೂಢಿಯಾಗಿದೆ. ಜಗತ್ತಿನ ಎಲ್ಲ ಗುಡ್ಡಗಳೂ ಈ ಪಂಚಾಂಗವನ್ನೇ ಅನುಸರಿಸುತ್ತವೆ ಎಂದು ನಂಬಿಬಿಡುತ್ತೇವೆ. ಶ್ರೀಲಂಕಾಕ್ಕೆ ಮಳೆಗಾಲ ಒಂದಲ್ಲ, ಎರಡು. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮದೇ ನೈಋತ್ಯ ಮುಂಗಾರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ. ನಡುವೆ ಮಾರ್ಚ್-ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್ ಎಂದು ಎರಡು ಸಂಧಿಕಾಲ. ನಕಲ್ಸ್ ಇರುವುದು ದ್ವೀಪದ ಮಧ್ಯಭಾಗದ ಈಶಾನ್ಯ ಮೂಲೆಯಲ್ಲಿ, ಕ್ಯಾಂಡಿ ಮತ್ತು ಮಾತಲೆ ಜಿಲ್ಲೆಗಳಲ್ಲಿ. ಬಂಗಾಳ ಕೊಲ್ಲಿಯಿಂದ ನೀರು ಹೊತ್ತು ಬರುವ ಗಾಳಿ ನೇರವಾಗಿ ಆ ಬೆಟ್ಟಗಳ ಪೂರ್ವದ ಎದೆಗೆ ಬಡಿಯುತ್ತದೆ. ಪಶ್ಚಿಮದ ಇಳಿಜಾರಿಗೆ ಮುಂಗಾರು, ಪೂರ್ವದ ಇಳಿಜಾರಿಗೆ ಹಿಂಗಾರು. ಆ ಕಡೆಗೆ ಡಿಸೆಂಬರ್ ಎಂದರೆ ನಮ್ಮ ಆಟಿ. ಆಟಿ ತಿಂಗಳಲ್ಲಿ ಆಗುಂಬೆಯ ಕಾಡಿನೊಳಗೆ ಡೇರೆ ಹಾಕಲು ನಿಮ್ಮ ಮಕ್ಕಳನ್ನು ಕಳುಹಿಸುತ್ತೀರಾ? ಹೊಳೆ ದಾಟಿ ಹೋದ ಮೇಲೆ ಹಿಂದಿನಿಂದ ಹೊಳೆ ಏರಿದರೆ ಏನು ಮಾಡಬೇಕೆಂದು ಯಾವ ಮೊಬೈಲ್ ಹೇಳುತ್ತದೆ?

ಮೀಮುರೆಯಲ್ಲಿ ಗದ್ದೆ ಮಾಡುವ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಲಿಲ್ಲ. ರಜೆ ಯಾವಾಗ ಸಿಗುತ್ತದೆ ಎಂದು ಕಚೇರಿಯನ್ನು ಕೇಳಿದರು, ಟಿಕೆಟ್ ಯಾವಾಗ ಅಗ್ಗ ಎಂದು ನೋಡಿದರು. ಮಳೆ ಯಾವಾಗ ಎಂದು ಯಾರನ್ನೂ ಕೇಳಲಿಲ್ಲ.

ನನ್ನ ಲೆಕ್ಕದಲ್ಲಿ ಮಾರ್ಚ್ ಮೊದಲ ಎರಡು ವಾರ. ಆಗಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಆದ್ದರಿಂದ ನಸುಕಿಗೆ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಇಳಿದು ಮನೆ ಸೇರುವಂತಹ ನಡಿಗೆಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಕಾಡಿನೊಳಗೆ ರಾತ್ರಿ ಬೇಡ, ಹಳ್ಳಿಯಲ್ಲಿ ಒಂದು ಮನೆ ಹಿಡಿಯೋಣ, ಅವರು ಬೇಯಿಸಿದ ಅನ್ನ ಸಾರು ಉಣ್ಣೋಣ ಎಂದೆ. "ಅದರಲ್ಲಿ ಸಾಹಸ ಏನಿದೆ?" ಎಂಬ ಉತ್ತರ ಬಂತು. ಒದ್ದೆ ಡೇರೆಯಲ್ಲಿ ನಡುಗುತ್ತಾ ಬೆಳಗು ಮಾಡುವುದು ಸಾಹಸವಂತೆ.

ಈ ಗುಡ್ಡಗಳ ಬಗ್ಗೆ ನನಗೆ ಯಾಕೆ ಇಷ್ಟು ಹಂಬಲ ಎಂದು ಕೆಲವರು ಕೇಳಿದ್ದೀರಿ. ಶ್ರೀಲಂಕಾ ಎಂದರೆ ಎಲ್ಲರೂ 'ಎಲ್ಲ' ಎಂಬ ಊರಿಗೆ ಹೋಗಿ ಒಂಬತ್ತು ಕಮಾನಿನ ಸೇತುವೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬರುತ್ತಾರೆ. ಭಕ್ತಿ ಇದ್ದವರು ಶ್ರೀಪಾದ ಬೆಟ್ಟ ಹತ್ತುತ್ತಾರೆ. ನಕಲ್ಸ್ ಕಡೆಗೆ ಹೊರಳುವವರು ಕಡಿಮೆ. ಬಿಗಿದ ಮುಷ್ಟಿಯ ಗೆಣ್ಣುಗಳ ಹಾಗೆ ಕಾಣುತ್ತದೆ ಎಂದು ಬ್ರಿಟಿಷ್ ಸರ್ವೆಯವರು ಇಟ್ಟ ಹೆಸರು ಅದು. ಸಿಂಹಳದಲ್ಲಿ ದುಂಬರ. ಮಂಜು ಮುಸುಕಿದ್ದು ಎಂದು ಅರ್ಥ ಹೇಳುತ್ತಾರೆ. ಅತಿ ಎತ್ತರದ ಗೊಂಬಾನಿಯ ಶಿಖರ 1,906 ಮೀಟರ್, ಹೆಚ್ಚುಕಡಿಮೆ ನಮ್ಮ ಕುದುರೆಮುಖದ್ದೇ ಎತ್ತರ. ನೆತ್ತಿಯ ಮೇಲೆ ಗಾಳಿಗೆ ಕುಗ್ಗಿ ಆಳೆತ್ತರಕ್ಕೇ ನಿಂತುಬಿಟ್ಟ ಕುಬ್ಜ ಮರಗಳ ಕಾಡು. ಕೆಳಗೆ ಬಂದರೆ ಪಿಟವಲ ಪತನ ಎಂಬ ಹುಲ್ಲುಗಾವಲು. ಅವರ ಭಾಷೆಯಲ್ಲಿ 'ಪತನ' ಎಂದರೆ ಗುಡ್ಡದ ಹುಲ್ಲುಗಾವಲು ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾಡಿನ ನೆರಳಿನಲ್ಲಿ ಏಲಕ್ಕಿ ಬೆಳೆದ ನೆಲ ಅದು. ಅಲ್ಲಿ ಹುಟ್ಟುವ ಹೊಳೆಗಳು ಮಹಾವೇಲಿ ಗಂಗೆಗೆ ನೀರು ಒದಗಿಸುತ್ತವೆ. ಮೀಮುರೆಯ ಗದ್ದೆಗಳ ಹಿಂದೆ ತ್ರಿಕೋನದಂತೆ ನಿಂತ ಲಕೇಗಲ ಎಂಬ ಬಂಡೆಬೆಟ್ಟದಿಂದ ರಾವಣ ತನ್ನ ವಿಮಾನ ಹಾರಿಸಿದನೆಂದು ಊರಿನವರು ಕಥೆ ಹೇಳುತ್ತಾರೆ. ಯಕ್ಷಗಾನದ ರಾವಣನನ್ನು ನೋಡುತ್ತಾ ಬೆಳೆದ ನಮಗೆ ಆ ಬೆಟ್ಟದ ಬುಡದಲ್ಲಿ ಒಂದು ಸಂಜೆ ಸುಮ್ಮನೆ ಕುಳಿತುಕೊಳ್ಳುವ ಆಸೆ ಆಗದೆ ಇರುತ್ತದೆಯೇ?

2010ರಲ್ಲಿ ಯುನೆಸ್ಕೊ ಶ್ರೀಲಂಕಾದ ಮಧ್ಯ ಬೆಟ್ಟಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಕಲ್ಸ್ ಸಂರಕ್ಷಿತ ಅರಣ್ಯವೂ ಅದರಲ್ಲಿ ಇತ್ತು. ನಮ್ಮ ಪಶ್ಚಿಮ ಘಟ್ಟಗಳು ಆ ಪಟ್ಟಿಗೆ ಸೇರಿದ್ದು 2012ರಲ್ಲಿ. ಜೀವವೈವಿಧ್ಯದ ಲೆಕ್ಕ ಹಾಕುವವರು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಒಂದೇ ಘಟಕವಾಗಿ ನೋಡುತ್ತಾರೆ. ಎಂದರೆ ನಾವು ಹೋಗುತ್ತಿರುವುದು ದಾಯಾದಿಗಳ ಮನೆಗೆ. ಅಲ್ಲಿ ಮೂಗಿನ ತುದಿಯಲ್ಲಿ ಎಲೆಯಂತಹ ಚಪ್ಪಟೆ ತೊಗಲು ಇರುವ ಒಂದು ಓತಿಕ್ಯಾತ ಇದೆ, ಜಗತ್ತಿನಲ್ಲಿ ಆ ಬೆಟ್ಟಸಾಲು ಬಿಟ್ಟು ಬೇರೆಲ್ಲೂ ಇಲ್ಲ. ದುಂಬರದ ಹೆಸರನ್ನೇ ಹೊತ್ತ ಇನ್ನೊಂದು ಓತಿಕ್ಯಾತವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 2006ರಲ್ಲಿ, ಅದು ಅಳಿವಿನ ಅಂಚಿನಲ್ಲಿದೆ. ಬೆರಳುದ್ದದ, ಪಾಚಿಯ ಬಣ್ಣದ ಜೀವಗಳು. ಕೊಂಬೆಗೆ ಅಂಟಿ ಕುಳಿತರೆ ನಮ್ಮ ಕಣ್ಣಿಗೆ ಕೊಂಬೆಯೇ. ಅವುಗಳನ್ನು ನಮಗೆ ತೋರಿಸುವವರು ಯಾರು? ಆ ಕಾಡಿನಲ್ಲಿ ಹುಟ್ಟಿ ಬೆಳೆದ ಮನುಷ್ಯ. ಅವನೇ 'ಅಗತ್ಯವಿಲ್ಲ' ಎಂದು ಬರೆದುಬಿಟ್ಟಿದ್ದಾರೆ! ಮಾರ್ಗದರ್ಶಿ ಎಂದರೆ ಕಾವಲುಗಾರ ಎಂದಷ್ಟೇ ಇವರು ತಿಳಿದಿದ್ದಾರೆ. ಅವನು ನಮ್ಮ ಕಣ್ಣು, ಕಿವಿ. ಯಾವ ಕಲ್ಲು ಜಾರುತ್ತದೆ, ಯಾವ ಹಳ್ಳದ ನೀರು ಕುಡಿಯಬಹುದು, ಮಂಜು ಯಾವ ಕಣಿವೆಯಿಂದ ಏರಿ ಬರುತ್ತದೆ ಎಂದು ಬಲ್ಲವನು.

ಅದೇ ಪಟ್ಟಿಯಲ್ಲಿ ಡ್ರೋನ್ ಬಾಡಿಗೆ ಎಂದು ಒಂದು ಸಾಲಿತ್ತು. ಆ ದೇಶದಲ್ಲಿ ಡ್ರೋನ್ ಹಾರಿಸಲು ಅವರ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು. ಅದನ್ನೂ ಕೇಳಿಲ್ಲ. ಡ್ರೋನಿಗೆ ಕೊಡಲು ಹಣವಿದೆ, ಜೊತೆಗೆ ನಡೆಯುವ ಮನುಷ್ಯನ ಎರಡು ದಿನದ ಕೂಲಿ ಮಾತ್ರ ಹೆಚ್ಚಾಯಿತೇ? ಇದನ್ನು ನೆನೆದಾಗಲೆಲ್ಲ ಮತ್ತೆ ಕೋಪ ಉಕ್ಕುತ್ತದೆ.

ಗುಂಪಿನ ಹಿರಿಯರೊಬ್ಬರು ಒಂದು ವಾದ ಮುಂದಿಟ್ಟರು. ಅದನ್ನೂ ಹೇಳುವುದು ನ್ಯಾಯ. ಶ್ರೀಲಂಕಾದಲ್ಲಿ ಪೆಕೊ ಟ್ರೇಲ್ ಎಂಬ ಹೊಸ ಕಾಲುದಾರಿ ಇದೆ, 300 ಕಿಲೋಮೀಟರಿಗೂ ಹೆಚ್ಚು ಉದ್ದ, 22 ಹಂತ, ಜನರು ನಕ್ಷೆ ಹಿಡಿದು ತಾವೇ ನಡೆಯುತ್ತಾರೆ, ನಾವು ಯಾಕೆ ನಡೆಯಬಾರದು ಎಂದರು. ಸರಿಯಾದ ಮಾತು. ಆದರೆ ಆ ದಾರಿ ಹೋಗುವುದು ಚಹಾ ತೋಟಗಳ ನಡುವೆ, ಹಳ್ಳಿಗಳ ನಡುವೆ. ದಾರಿ ತಪ್ಪಿದರೆ ಚಹಾ ಎಲೆ ಕೀಳುವ ಒಬ್ಬ ಅಕ್ಕ ಕೈ ತೋರಿಸಿ ದಾರಿ ಹೇಳುತ್ತಾಳೆ. ಅಲ್ಲಿಯೂ ಕೊನೆಗೆ ದಾರಿ ಹೇಳುವವರು ಆ ನೆಲದವರೇ, ನೋಡಿ! ನಕಲ್ಸ್‌ನ ದಟ್ಟ ಕಾಡಿನಲ್ಲಿ ಮಂಜು ಇಳಿದರೆ ಕೇಳಲು ಯಾರಿದ್ದಾರೆ? ಚಹಾ ತೋಟದ ದಾರಿಯನ್ನು ತೋರಿಸಿ ಕಾಡಿನ ದಾರಿಯೂ ಹಾಗೆಯೇ ಎನ್ನುವುದು, ಮಲ್ಪೆ ಕಡಲ ತೀರದಲ್ಲಿ ಕಾಲು ನೆನೆಸಿದವನು ಮಳೆಗಾಲದಲ್ಲಿ ದೋಣಿ ಇಳಿಸುತ್ತೇನೆ ಎಂದ ಹಾಗೆ.

ಇನ್ನು ಒಂದು ವಿಷಯ ಇದೆ. ಇದನ್ನು ಅಣ್ಣನಿಗೂ ಪೂರ್ತಿಯಾಗಿ ಹೇಳಿಲ್ಲ. ನಿನ್ನೆ ಜಗಲಿಯಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

ಹದಿಮೂರು ವರ್ಷಗಳ ಹಿಂದೆ ಕುದುರೆಮುಖದ ನಡಿಗೆಯಲ್ಲಿ ನಾನು ಗುಂಪಿನಿಂದ ಹಿಂದೆ ಉಳಿದೆ ಎಂದು ನಿಮಗೆಲ್ಲ ಗೊತ್ತು. ಹಿಂದೆ ಉಳಿದದ್ದಲ್ಲ. ಜೊತೆಗೆ ಬಂದಿದ್ದ ಮುಳ್ಳೋಡಿ ಕಡೆಯ ಹುಡುಗ ಎಡಕ್ಕೆ ಹೋಗಬೇಕು ಎಂದಾಗ, ನಾನು ಈ ದಾರಿಯಲ್ಲಿ ಎರಡು ಸಲ ಬಂದಿದ್ದೇನೆ, ನನಗೆ ಗೊತ್ತು ಎಂದು ಅವನ ಮಾತು ಕೇಳದೆ ಬಲಕ್ಕೆ ಇಳಿದೆ. ಹತ್ತು ನಿಮಿಷದಲ್ಲಿ ಮಂಜು ಮುಚ್ಚಿತು. ಹುಲ್ಲುಗುಡ್ಡದಲ್ಲಿ ಮಂಜು ಬಿದ್ದರೆ ಮೇಲು ಕೆಳಗು ತಿಳಿಯುವುದಿಲ್ಲ. ಕೂಗಿದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಒಂದು ಶೋಲಾ ಕಾಡಿನ ಅಂಚಿನಲ್ಲಿ ನಾಲ್ಕು ಗಂಟೆ ಕುಳಿತಿದ್ದೆ. ಕಾಲಿನ ತುಂಬ ಉಂಬಳ, ಕೀಳುವ ಶಕ್ತಿಯೂ ಇರಲಿಲ್ಲ. ಮಗಳಿಗೆ ಆಗ ಹನ್ನೊಂದು ವರ್ಷ. ಅವಳ ಶಾಲೆಯ ಚೀಟಿಗೆ ಸಹಿ ಹಾಕದೆ ಬಂದೆನಲ್ಲ ಎಂಬುದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದೆ. ನನ್ನನ್ನು ಹುಡುಕಿ ಕರೆತಂದವನು ಅದೇ ಹುಡುಗ. ನಾನು ತುಳಿದ ಹುಲ್ಲು ಯಾವ ಕಡೆಗೆ ಬಾಗಿದೆ ಎಂದು ನೋಡಿಕೊಂಡು ಬಂದಿದ್ದ. ಒಂದು ಮಾತು ಬೈಯಲಿಲ್ಲ. ಚೀಲದಿಂದ ಬೆಲ್ಲ ತೆಗೆದು ಕೊಟ್ಟ. ಕೆಳಗೆ ಬಂದ ಮೇಲೆ ಎಲ್ಲರ ಮುಂದೆ, "ಅಕ್ಕ ಸ್ವಲ್ಪ ನಿಧಾನ ನಡೆದರು" ಎಂದಷ್ಟೇ ಹೇಳಿ ನನ್ನ ಮಾನ ಉಳಿಸಿದ. ನಾನು ಆ ಸುಳ್ಳಿನ ಹಿಂದೆ ಇಷ್ಟು ವರ್ಷ ಅಡಗಿ ಕುಳಿತೆ.

ಆದ್ದರಿಂದ ಅಣ್ಣನ ಮಗ 'ಎಲ್ಲ ಇದರಲ್ಲೇ ಇದೆ' ಎಂದಾಗ ನನಗೆ ಕೇಳಿಸಿದ್ದು ಅವನ ದನಿಯಲ್ಲ, ಆ ದಿನದ ನನ್ನ ದನಿ.

ಅಣ್ಣನ ಮಗ ಇದನ್ನು ಓದುತ್ತಾನೆಂದು ಗೊತ್ತಿದೆ, ಅವನಿಗೇ ನೇರವಾಗಿ ಬರೆಯುತ್ತೇನೆ. ಮಗೂ, ನೀನು ಕಷ್ಟಪಟ್ಟು ತಯಾರಿಸಿದ್ದೀಯ. ರೈಲಿನ ಸಮಯ, ಹುನ್ನಸ್‌ಗಿರಿಯದ ಬಸ್ಸು, ಕಾರ್ಬೆಟ್ಸ್ ಗ್ಯಾಪ್ ಮೇಲಿನಿಂದ ಮೀಮುರೆಗೆ ಇಳಿಯುವ ರಸ್ತೆ ಎಲ್ಲ ಸರಿಯಾಗಿ ಗುರುತಿಸಿದ್ದೀಯ. ಮಾತಲೆ ಕಡೆಯಿಂದ ರಿವರ್‌ಸ್ಟನ್ ಮತ್ತು ಪಿಟವಲ ಪತನ ಒಂದೇ ರಸ್ತೆಯಲ್ಲಿ ಬರುತ್ತವೆ ಎಂದು ನೋಡಿ ಒಂದು ದಿನ ಉಳಿಸಿದ್ದೀಯ, ಅದು ನನಗೂ ಹೊಳೆದಿರಲಿಲ್ಲ. ಆ ಯೋಜನೆ ಹಾಗೆಯೇ ಇರಲಿ. ತಿಂಗಳು ಬದಲಿಸು, ಡೇರೆ ತೆಗೆ, ಆ 'ಅಗತ್ಯವಿಲ್ಲ' ಎಂಬುದನ್ನು ಅಳಿಸಿ ಅಲ್ಲಿ ಒಬ್ಬ ಮನುಷ್ಯನ ಹೆಸರು ಬರೆ. ಆ ಕಾಡು ಅವರ ಅರಣ್ಯ ಇಲಾಖೆಯ ಕೈಯಲ್ಲಿದೆ. ಯಾವ ದಾರಿ ತೆರೆದಿದೆ, ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ಮೊದಲೇ ವಿಚಾರಿಸು. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಜನಜಾತ್ರೆಯಾದ ಮೇಲೆ ನಮ್ಮಲ್ಲೂ ಚಾರಣಕ್ಕೆ ಆನ್‌ಲೈನ್ ನೋಂದಣಿ, ದಿನಕ್ಕಿಷ್ಟೇ ಮಂದಿ ಎಂಬ ನಿಯಮ ಬಂತಲ್ಲ, ಅದನ್ನು ನಾವು ಗೊಣಗದೆ ಪಾಲಿಸಿದೆವು. ಪರರ ನೆಲದಲ್ಲಿ ಇನ್ನೂ ಹೆಚ್ಚು ವಿಧೇಯರಾಗಿ ನಡೆಯಬೇಕು. 'ವತುರ' ಎಂದರೆ ನೀರು, 'ಪಾರ' ಎಂದರೆ ದಾರಿ, 'ಗಲ' ಎಂದರೆ ಬಂಡೆ. ನಾನು ಇಷ್ಟು ಕಲಿತಿದ್ದೇನೆ, ನೀನೂ ನಾಲ್ಕು ಪದ ಕಲಿ. ಕೇಳುವುದಕ್ಕೆ ಬಾಯಿ ಬೇಕಲ್ಲ.

ಡಿಸೆಂಬರ್‌ಗೇ ಹೊರಡುವುದಾದರೆ ನನ್ನ ಹೆಸರು ತೆಗೆದುಬಿಡಿ. ಮುನಿಸಿನಿಂದ ಹೇಳುತ್ತಿಲ್ಲ. ನನಗೆ ಭಯವಿದೆ, ಆ ಭಯ ಎಂತಹದ್ದೆಂದು ಈಗ ನಿಮಗೆ ತಿಳಿದಿದೆ.

ಸ್ನೇಹಿತರಲ್ಲಿ ಯಾರಾದರೂ ಮಾರ್ಚ್‌ನಲ್ಲಿ ನಕಲ್ಸ್ ಕಡೆ ನಡೆದಿದ್ದರೆ ದಯವಿಟ್ಟು ತಿಳಿಸಿ. ಹುನ್ನಸ್‌ಗಿರಿಯದಿಂದ ಮೀಮುರೆಗೆ ವ್ಯಾನು ಇಳಿಯುತ್ತದೆಯೇ, ಅಥವಾ ಅಲ್ಲಿಯ ಜೀಪನ್ನೇ ಹಿಡಿಯಬೇಕೇ? ಊರಿನಲ್ಲಿ ಐದು ಜನಕ್ಕೆ ಮಲಗಲು ಜಾಗ ಕೊಟ್ಟ ಮನೆಯವರ ಪರಿಚಯವಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ. ಮತ್ತು ಉಂಬಳಕ್ಕೆ ಅಲ್ಲಿಯವರು ಏನು ಹಚ್ಚುತ್ತಾರೆ? ನಮ್ಮ ಹೊಗೆಸೊಪ್ಪು ಸುಣ್ಣವನ್ನು ಡಬ್ಬಿಯಲ್ಲಿ ತುಂಬಿ ಇಟ್ಟಿದ್ದೇನೆ, ಆದರೂ ಅವರನ್ನು ಕೇಳಿಯೇ ಹೊರಡುತ್ತೇನೆ.